ಬೆಕ್ಕಿಗೊಂದು ಹೊರಸು

ಸುರಪುರದ ಬಡಿಗೇರರ ಅಂಗಡಿಯಲ್ಲಿ ಅಳತೆ ಹೇಳಿದೆ. ಉದ್ದ 18 ಇಂಚು, ಅಗಲ 14 ಇಂಚು, ನಾಲ್ಕು ಕಡೆ ಚೌಕಟ್ಟು, ನಡುವೆ ನವಾರ ಹೆಣೆಯುವಂತಿರಬೇಕು. ಹಿರಿಯರು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಕೇಳಿದರು: "ಕೂಸಿಗಿ ಎಷ್ಟು ತಿಂಗಳಾದುವರಿ?"

"ಕೂಸಿಗಲ್ಲ ಕಾಕಾ, ಬೆಕ್ಕಿಗೆ."

ಅವರು ನಗಲಿಲ್ಲ. ಒಂದು ಗಳಿಗೆ ಸುಮ್ಮನಿದ್ದು ಹೇಳಿದರು: "ನಮ್ಮವ್ವ ಬೆಕ್ಕಿಗಿ ಹೆದರಿ ಹಾಲಿನ ಗಡಗಿ ನೆಲುವಿನಾಗ ಇಡ್ತಿದ್ಲು. ನೀವು ಬೆಕ್ಕಿಗೇ ನೆಲುವು ಕಟ್ಟಲತ್ತೀರಿ. ಆಗಲಿ, ಮಾಡಿ ಕೊಡ್ತೀನಿ."

ಈ ಅಂಕಣದಲ್ಲಿ ಕಟ್ಟಿಗೆ ಕೆಲಸದ ಬಗ್ಗೆ ಬರೆಯುತ್ತ ಬಂದಿರುವ ನನಗೆ ಆ ಮಾತು ದಾರಿಯುದ್ದಕ್ಕೂ ಕಾಡಿತು. ನೆಲುವು ಎಂದರೆ ಜಂತಿಯಿಂದ ಇಳಿಬಿಟ್ಟ ಹಗ್ಗದ ಬುಟ್ಟಿ. ಗೋಡೆಗೆ ತಾಗಬಾರದು, ಕಂಬಕ್ಕೆ ಹತ್ತಿರವಿರಬಾರದು. ಎಲ್ಲಿಂದ ಜಿಗಿದರೂ ಬೆಕ್ಕಿಗೆ ಎಟುಕದ ಜಾಗ ಯಾವುದೆಂದು ಲೆಕ್ಕ ಹಾಕಿಯೇ ಹಿಂದಿನವರು ಅದನ್ನು ಕಟ್ಟುತ್ತಿದ್ದರು. ಬೆಕ್ಕಿನ ಜಿಗಿತವನ್ನು ಅಳೆದವರಲ್ಲಿ ನಮ್ಮ ಅಜ್ಜಿಯರೇ ಮೊದಲಿಗರು.

ಹಾಗೆ ಅಳೆಯಬೇಕಾಗಿತ್ತು, ಯಾಕೆಂದರೆ ಆ ಮನೆಗಳಲ್ಲಿ ನೆಲುವೊಂದನ್ನು ಬಿಟ್ಟರೆ ಬೆಕ್ಕಿಗೆ ಎಟುಕದ ಜಾಗವೇ ಇರಲಿಲ್ಲ. ಯಾದಗಿರಿ, ಶಹಾಪುರ, ಸುರಪುರದ ಹಳೆಯ ಓಣಿಗಳಲ್ಲಿ ಇನ್ನೂ ನಿಂತಿರುವ ಒಂದು ಮಣ್ಣಿನ ಮಾಳಿಗೆಯ ಮನೆಗೆ ಹೋಗಿ ನೋಡಿ. ಪಡಸಾಲೆಯಲ್ಲಿ ಜೋಳದ ಚೀಲದ ಥಪ್ಪಿ. ಅದರ ಮೇಲೆ ದಪ್ಪ ಕಲ್ಲುಗೋಡೆಯಲ್ಲಿ ದೀಪ ಇಡುವ ಮಾಡ. ಮಾಡದಿಂದ ಒಂದು ಜಿಗಿತಕ್ಕೆ ಕಂಬದ ಬೋದಿಗೆ, ಅಲ್ಲಿಂದ ತೊಲೆ. ತೊಲೆಯ ಮೇಲೆ ನಡೆದು ಹೋದರೆ ಬೆಳಕಿಂಡಿ, ಅದರಾಚೆ ಮಾಳಿಗೆ, ಮಾಳಿಗೆಯಿಂದ ಇಡೀ ಓಣಿ. ಬೆಕ್ಕಿಗೆಂದು ಯಾರೂ ಏನನ್ನೂ ಕಟ್ಟಿರಲಿಲ್ಲ. ಮನೆಯೇ ಏಳೆಂಟು ಹಂತದ ನಿಚ್ಚಣಿಕೆಯಾಗಿತ್ತು.

ಈಗಿನ ಆರ್‌ಸಿಸಿ ಮನೆ ಬೆಕ್ಕಿನ ಕಣ್ಣಿಗೆ ಬರೀ ಒಂದು ಡಬ್ಬಿ. ಗೋಡೆ ನುಣುಪು, ನೆಲ ನುಣುಪು, ಬಾಗಿಲಿಗೆ ಜಾಳಿಗೆ. ಎತ್ತರವೆಂದರೆ ಫ್ರಿಜ್ಜು, ಟಿವಿ ಶೋಕೇಸು ಮತ್ತು ಕಿಟಕಿಯ ಪರದೆ. ನಮ್ಮ ಮನೆಯ ಹೆಣ್ಣು ಬೆಕ್ಕಿನ ಮೈಬಣ್ಣ ಕಪ್ಪು ಬಿಳುಪಿನ ಹಂಡಬಂಡ, ಹಾಗಾಗಿ ಹಂಡಿ ಎಂದೇ ಹೆಸರು. ಅದು ಒಂದು ವರ್ಷದಲ್ಲಿ ಮೂರು ಪರದೆ ಹರಿಯಿತು. ಮನೆಯವರು ಬೈದದ್ದು ಬೆಕ್ಕನ್ನು. ತಪ್ಪು ಮನೆಯದು.

ಎತ್ತರದ ಹುಚ್ಚು ಅದರ ಮೈಯಲ್ಲೇ ಇದೆ. ಮನೆಬೆಕ್ಕಿನ ಮೂಲ ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕದ ಕಾಡುಬೆಕ್ಕು. ಬೇಟೆಯಾಡುವ ಪ್ರಾಣಿ ಹೌದು, ಆದರೆ ಗಾತ್ರ ಚಿಕ್ಕದು. ನಾಯಿ ನರಿಗೆ ತಾನೇ ಬೇಟೆಯಾಗಬಹುದು. ಹಾಗಾಗಿ ಮೇಲೆ ಕೂತರೆ ಎರಡು ಲಾಭ: ಇಲಿ ಕಾಣುತ್ತದೆ, ನಾಯಿಗೆ ಎಟುಕುವುದಿಲ್ಲ. ಈ ಪ್ರಾಣಿ ಮನುಷ್ಯನ ಹತ್ತಿರ ಬಂದದ್ದು ಕಾಳಿನ ಕಣಜದ ದಾರಿಯಿಂದ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಹೂಳಿದ ಬೆಕ್ಕಿನ ಅಸ್ಥಿ ಸಿಕ್ಕಿದೆ. ನಮ್ಮ ಕಡೆ ಹಗೇವಿನ ಜೋಳ ಕಾಯುವ ಕೆಲಸ ಅದರದಾಗಿತ್ತು. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದು, ಕಾಲುವೆ ನೀರು ಹರಿದು, ಸುರಪುರ ಶಹಾಪುರದ ಹೊಲಗಳಲ್ಲಿ ಭತ್ತ ಬಂದ ಮೇಲಂತೂ ಇಲಿಗೂ ಸುಗ್ಗಿ, ಬೆಕ್ಕಿಗೂ ಸುಗ್ಗಿ.

ಎತ್ತರದ ವಿಷಯದಲ್ಲಿ ನಮ್ಮ ಜಿಲ್ಲೆಯ ಮನುಷ್ಯರೂ ಕಡಿಮೆಯಿಲ್ಲ. ಯಾದಗಿರಿಯ ಕೋಟೆ ಗುಡ್ಡದ ಮೇಲಿದೆ, ಶಹಾಪುರದ್ದೂ ಹಾಗೆಯೇ. 1840ರ ದಶಕದಲ್ಲಿ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಳ್ಳಲು ಬಂದ ಫಿಲಿಪ್ ಮೆಡೋಸ್ ಟೇಲರ್ ಊರ ನಡುವೆ ಇರಲಿಲ್ಲ. ಗುಡ್ಡದ ಮೇಲೆ ಬಂಗಲೆ ಕಟ್ಟಿಸಿಕೊಂಡ. ಜನ ಇವತ್ತಿಗೂ ಅದನ್ನು ಟೇಲರ್ ಮಂಜಿಲ್ ಅನ್ನುತ್ತಾರೆ. ಗಾಳಿ ಬೇಕು, ಊರು ಕಾಣಬೇಕು, ಯಾರು ಬರುತ್ತಿದ್ದಾರೆಂದು ಮೊದಲೇ ತಿಳಿಯಬೇಕು. ಬೆಕ್ಕು ಕೇಳುವುದೂ ಅಷ್ಟನ್ನೇ.

ಸರಿ, ಎತ್ತರ ಕೊಡೋಣ. ಆದರೆ ಎಂಥದ್ದು? ಪಟ್ಟಣದ ಅಂಗಡಿಗಳಲ್ಲಿ, ಮೊಬೈಲಿನಲ್ಲಿ ಸಿಗುವ ಬೆಕ್ಕಿನ ಗೋಪುರಗಳಿಗೆಲ್ಲ ಒಂದೇ ಅಚ್ಚು: ಮೈತುಂಬ ಮೆತ್ತನೆಯ ಜಮಖಾನೆ, ತುದಿಯಲ್ಲಿ ಮುಚ್ಚಿದ ಪೆಟ್ಟಿಗೆ, ಎತ್ತರ ಛಾವಣಿಯವರೆಗೆ. ಚಳಿ ದೇಶಕ್ಕೆ ಅದು ಸರಿ. ಏಪ್ರಿಲ್ ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ನಮ್ಮ ಊರಲ್ಲಿ ಸ್ಲ್ಯಾಬಿನ ಕೆಳಗಿನ ಎರಡು ಅಡಿ ಅಂದರೆ ಒಲೆಯ ಬಾಯಿ. ಮಣ್ಣಿನ ಮಾಳಿಗೆಯ ಕೆಳಗೆ ತೊಲೆಯ ಮೇಲೆ ಮಲಗಿದ ಬೆಕ್ಕಿಗೆ ತಂಪಿತ್ತು. ಸ್ಲ್ಯಾಬಿನ ಕೆಳಗೆ ಜಮಖಾನೆಯ ಪೆಟ್ಟಿಗೆಯಲ್ಲಿ ಮಲಗಿದ ಬೆಕ್ಕು ಬೇಯುತ್ತದೆ. ಆದ್ದರಿಂದ ನನ್ನ ಮೊದಲ ನಿಯಮ: ತುದಿಯ ಹಂತ ನೆಲದಿಂದ ನಾಲ್ಕೂವರೆ ಅಡಿ ಮೀರಬಾರದು. ಕೂತ ಬೆಕ್ಕಿನ ಕಣ್ಣು ಕಿಟಕಿಯ ನಡುಮಟ್ಟಕ್ಕೆ ಬಂದರೆ ಸಾಕು.

ಎರಡನೆಯ ನಿಯಮ: ಹಲಗೆ ಬೇಡ, ಹೊರಸು ಬೇಕು. ಬೇಸಿಗೆಯ ರಾತ್ರಿ ಅಂಗಳದಲ್ಲಿ ಹೊರಸು ಹಾಕಿ ಮಲಗಿದವರಿಗೆ ಕಾರಣ ಹೇಳಬೇಕಿಲ್ಲ. ಕೆಳಗಿನಿಂದ ಗಾಳಿ ಆಡುತ್ತದೆ, ಮೈಭಾರಕ್ಕೆ ತಕ್ಕಷ್ಟು ತಗ್ಗುತ್ತದೆ, ಮಲಗಿದವರು ಉರುಳುವುದಿಲ್ಲ. ಬೆಕ್ಕಿಗೂ ಅದೇ ಸುಖ. ಚೌಕಟ್ಟಿಗೆ ಒಂದೂವರೆ ಇಂಚಿನ ಬೇವಿನ ಪಟ್ಟಿ ಸಾಕು. ನವಾರವನ್ನು ಬಿಗಿಯಾಗಿ ಅಡ್ಡ ಉದ್ದ ಹೆಣೆಯಿರಿ, ಉಗುರು ತೂರುವಷ್ಟು ಸಂದು ಬಿಡಬೇಡಿ. ಚಳಿಗಾಲಕ್ಕೆ ಮೇಲೊಂದು ಕೌದಿಯ ತುಂಡು. ಮನೆಯ ಹೆಂಗಸರ ಹಳೆ ಸೀರೆಯಿಂದ ಹೊಲಿದ ಕೌದಿಯೇ ಒಳ್ಳೆಯದು. ಆ ವಾಸನೆ ಬೆಕ್ಕಿಗೆ ಗೊತ್ತು. ಹೊಸ ವಾರ್ನಿಷ್ ಬಳಿದರೆ ತಿಂಗಳಾದರೂ ಹತ್ತಿರ ಬಾರದು.

ಕಂಬಕ್ಕೆ ಹಗ್ಗ ಸುತ್ತಬೇಕು. ಬೆಕ್ಕು ಉಗುರು ಮಸೆಯುವುದು ಹಾಳುಮಾಡುವ ಚಟದಿಂದಲ್ಲ. ಉಗುರಿನ ಹಳೆಯ ಹೊರಸಿಪ್ಪೆ ಉದುರಬೇಕು, ಬೆನ್ನು ನೀಳಬೇಕು, ಅಂಗಾಲಿನ ಗ್ರಂಥಿಯ ವಾಸನೆ ಅಲ್ಲಿ ಉಳಿಯಬೇಕು. ಪೂರ್ತಿ ಮೈಚಾಚಿ ನಿಲ್ಲಲು ಕನಿಷ್ಠ ಮೂರು ಅಡಿ ಹಗ್ಗ ಬೇಕು. ನೈಲಾನ್ ಬೇಡ, ಜಾರುತ್ತದೆ, ಎಳೆ ಬಿಚ್ಚಿ ಹಲ್ಲಿಗೆ ಸಿಗುತ್ತದೆ. ಕತ್ತಾಳೆ ನಾರು ಇಲ್ಲವೇ ಪುಂಡಿ ನಾರಿನ ಹಗ್ಗ ತನ್ನಿ. ನಾವು ಪಲ್ಯ ಮಾಡಿ ರೊಟ್ಟಿಗೆ ಹಚ್ಚಿಕೊಳ್ಳುವ ಪುಂಡಿಯ ದಂಟಿನ ನಾರು ಉಗುರಿಗೆ ಒರಟು, ಬಾಯಿಗೆ ನಿರಪಾಯ. ಕಾರಹುಣ್ಣಿಮೆಯ ಮುಂಚಿನ ಸಂತೆಯಲ್ಲಿ ಎತ್ತಿಗೆಂದು ಹೊಸ ಹಗ್ಗ ರಾಶಿ ಬೀಳುತ್ತದೆ, ಆಗ ಆರಿಸಿಕೊಳ್ಳಿ. ನಾಲ್ಕು ಇಂಚು ದಪ್ಪದ ದುಂಡು ಕಂಬಕ್ಕೆ 8 ಮಿಲಿಮೀಟರ್ ಹಗ್ಗವನ್ನು ಮೂರು ಅಡಿ ಎತ್ತರಕ್ಕೆ ಒತ್ತಾಗಿ ಸುತ್ತಿದರೆ ಸುಮಾರು 39 ಮೀಟರ್ ಹಿಡಿಯುತ್ತದೆ. ಗಂಟಿಗೂ ತಪ್ಪಿಗೂ ಸೇರಿ 45 ತನ್ನಿ. ಸುತ್ತುವ ಮೊದಲು ಹಗ್ಗವನ್ನು ನೆನೆಸಬೇಡಿ. ಒಣಗಿದಾಗ ಸುತ್ತು ಅಲ್ಲಲ್ಲಿ ಸರಿದು ಸಂದು ಬೀಳುತ್ತದೆ. ಇದು ನಾನು ಕೈಸುಟ್ಟುಕೊಂಡು ಕಲಿತದ್ದು.

ಕೈಸುಟ್ಟುಕೊಂಡ ಇನ್ನೊಂದು ಕತೆ ಬುಡದ್ದು. ಮೊದಲ ಸಲ ಪ್ಲೈವುಡ್ ಬುಡದ ಮೇಲೆ ಪಿವಿಸಿ ಪೈಪ್ ನಿಲ್ಲಿಸಿದ್ದೆ. ಹಂಡಿ ಒಮ್ಮೆ ಜಿಗಿಯಿತು, ಗೋಪುರ ಒಮ್ಮೆ ತೊನೆಯಿತು. ಬೀಳಲಿಲ್ಲ. ಆದರೂ ಆಮೇಲೆ ಹಂಡಿ ಅದನ್ನು ಮೂಸಲೂ ಹೋಗಲಿಲ್ಲ. ಅಲುಗುವ ಕೊಂಬೆಯನ್ನು ಬೆಕ್ಕು ಎರಡನೇ ಸಲ ನಂಬುವುದಿಲ್ಲ. ಭಾರದ ಬುಡ ಬೇಕೆಂದು ಅವ್ವನ ಬೀಸುವ ಕಲ್ಲಿನ ಮೇಲೆ ಕಣ್ಣು ಹಾಕಿದೆ. ಮೇಲಿನ ಕಲ್ಲಿಗೆ ನಡುವೆ ತೂತು ಇದ್ದೇ ಇದೆ, ಕಂಬ ಕೂರಿಸಿದರಾಯಿತು ಎಂದು ನನ್ನ ಲೆಕ್ಕ.

"ಬರಗಾಲದಾಗ ನಮ್ಮ ಹೊಟ್ಟಿ ತುಂಬಿಸಿದ ಕಲ್ಲದು. ಅದರ ಬಾಯಾಗ ಕಟಗಿ ತುರುಕಬ್ಯಾಡ," ಎಂದಳು ಅವ್ವ. ಮಾತು ಅಲ್ಲಿಗೆ ಮುಗಿಯಿತು. ಬೇಸಿಗೆಯ ಮಧ್ಯಾಹ್ನ ಹಂಡಿ ಆ ತಂಪು ಕಲ್ಲಿನ ಮೇಲೇ ಮಲಗುತ್ತದೆ. ಅದಕ್ಕೆ ಮಾತ್ರ ಅವ್ವನ ತಕರಾರಿಲ್ಲ.

ಕೊನೆಗೆ ಎರಡು ಅಡಿ ಚೌಕದ, ಒಂದೂವರೆ ಇಂಚು ದಪ್ಪದ ಶಹಾಬಾದ್ ಫರಸಿ ತಂದೆ. ಅದು ಸುಮಾರು 35 ಕಿಲೋ ತೂಗುತ್ತದೆ. ನಾಲ್ಕು ಕಿಲೋ ಬೆಕ್ಕು ಹೇಗೆ ಜಿಗಿದರೂ ಅದು ಜಗ್ಗುವುದಿಲ್ಲ. ಕಂಬದ ಬುಡಕ್ಕೆ ನಾಲ್ಕು ಕಡೆ ಕಬ್ಬಿಣದ ಎಲ್ ಪಟ್ಟಿ, ಪಟ್ಟಿಯಿಂದ ಕಲ್ಲಿಗೆ ಬೋಲ್ಟು. ತೂತನ್ನು ಕಲ್ಲು ಕೊರೆಯುವವರಿಂದಲೇ ಹಾಕಿಸಿ, ಮನೆಯ ಡ್ರಿಲ್ಲಿಗೆ ಕಲ್ಲು ಸೀಳುತ್ತದೆ. ಕೆಳಗೆ ಹಳೆಯ ಟಯರಿನ ತುಂಡು ಇಟ್ಟರೆ ನೆಲ ಗೀಚುವುದಿಲ್ಲ.

ಹಂತಗಳನ್ನು ಜೋಡಿಸುವಾಗ ಎಲ್ಲರೂ ಹತ್ತುವುದನ್ನು ಯೋಚಿಸುತ್ತಾರೆ. ಹತ್ತಲು ಬೆಕ್ಕಿಗೆ ನಮ್ಮ ಸಹಾಯ ಬೇಡ, ಇಳಿಯಲು ಬೇಕು. ಅದರ ಉಗುರು ಹಿಂದಕ್ಕೆ ಬಾಗಿದ ಕೊಕ್ಕೆ. ಮೇಲೇರುವಾಗ ಕಚ್ಚಿ ಹಿಡಿಯುತ್ತದೆ, ತಲೆ ಕೆಳಗಾಗಿ ಇಳಿಯುವಾಗ ಹಿಡಿತ ಕೊಡುವುದಿಲ್ಲ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಾಡಿನ ಮಾರ್ಗೇ ಎಂಬ ಬೆಕ್ಕು ಹಿಂಗಾಲಿನ ಕೀಲನ್ನೇ ತಿರುಗಿಸಿ ಅಳಿಲಿನ ಹಾಗೆ ತಲೆ ಮುಂದಾಗಿ ಇಳಿಯಬಲ್ಲದು. ನಮ್ಮ ಓಣಿಯ ಬೆಕ್ಕಿಗೆ ಆ ಭಾಗ್ಯವಿಲ್ಲ. ಬೇವಿನ ಮರ ಏರಿ ರಾತ್ರಿಯಿಡೀ ಅಳುವುದು ಅದಕ್ಕೇ. ಹಾಗಾಗಿ ಒಂದೂವರೆ ಅಡಿಗೆ ಒಂದು ಹೊರಸು, ಮೂರು ಅಡಿಗೆ ಇನ್ನೊಂದು, ನಾಲ್ಕೂವರೆಗೆ ಮೂರನೆಯದು. ಕೆಳಗಿನ ಎರಡು ಕಂಬದ ಎದುರುಬದುರು ಮಗ್ಗುಲಿಗಿರಲಿ, ಭಾರ ಸಮನಾಗುತ್ತದೆ. ವಯಸ್ಸಾದ ಬೆಕ್ಕಿದ್ದರೆ ಅಂತರ ಒಂದು ಅಡಿಗೆ ಇಳಿಸಿ. ಎಲ್ಲ ಮುಗಿದ ಮೇಲೆ ತುದಿ ಹಿಡಿದು ಬಲವಾಗಿ ನೂಕಿ ನೋಡಿ. ನಿಮ್ಮ ಕೈಗೆ ಅಲುಗಾಟ ಗೊತ್ತಾದರೆ ಬೆಕ್ಕಿನ ಕಾಲಿಗೆ ಹತ್ತು ಪಟ್ಟು ಗೊತ್ತಾಗುತ್ತದೆ.

ಕಂಬಕ್ಕಾಗಿ ಕಟ್ಟಿಗೆ ಅಡ್ಡೆಗೆ ಹೋಗಿದ್ದೆ. ಕೆಡವಿದ ಹಳೆ ಮನೆಗಳ ಬಾಗಿಲು, ತೊಲೆ, ಜಂತಿಗಳೆಲ್ಲ ಅಲ್ಲಿ ಒಟ್ಟಿದ್ದವು. ನಾಲ್ಕು ಇಂಚಿನ ದುಂಡನೆಯ ಸಾದಾ ಕಂಬವೊಂದು ಸಿಕ್ಕಿತು. ಕುಸುರಿಯಿಲ್ಲ, ಹೊಗೆ ಹಿಡಿದು ಕಪ್ಪಾಗಿತ್ತು. ಮನೆಗೆ ತಂದು ರಂದಾ ಹಿಡಿದೆ. ಮೇಲಿನಿಂದ ಉಜ್ಜುತ್ತ ಬಂದ ಕೈ ಬುಡದಿಂದ ಎರಡು ಅಡಿ ಮೇಲೆ ನಿಂತಿತು. ಅಲ್ಲಿ ಮೇಲಿನಿಂದ ಕೆಳಕ್ಕೆ ಎಳೆದ ಸಣ್ಣ ಗೀರುಗಳಿದ್ದವು. ಒಂದರ ಮೇಲೊಂದು, ನೂರಾರು. ಒಂದು ಬೆಕ್ಕಿನ ಕೆಲಸವಲ್ಲ ಅದು, ಎಷ್ಟೋ ತಲೆಮಾರಿನದು.

ಅಷ್ಟು ಜಾಗವನ್ನು ಹಾಗೇ ಬಿಟ್ಟು ಅದರ ಮೇಲಿನಿಂದ ಹಗ್ಗ ಸುತ್ತಿದೆ. ಮರುದಿನ ಹಂಡಿ ಗೋಪುರದ ಸುತ್ತ ಎರಡು ಸಲ ಸುಳಿದು, ಹೊಸ ಪುಂಡಿ ಹಗ್ಗವನ್ನು ಮೂಸಿ ಬಿಟ್ಟು, ಆ ಗೀರುಗಳ ಮೇಲೆಯೇ ಉಗುರು ಊರಿ ಮೈ ಮುರಿಯಿತು. ಬಡಿಗೇರ ಕಾಕಾ ಮುಂದಿನ ವಾರ ನೋಡಲು ಬಂದಾಗ ಹೊರಸಿನ ಚೌಕಟ್ಟಿನ ಕಡೆ ಹಾಯಲೂ ಇಲ್ಲ. ಬಗ್ಗಿ, ಕಂಬದ ಬುಡವನ್ನು ಬೆರಳಿನಿಂದ ಸವರಿ, "ಇದು ಪಡಸಾಲಿ ಕಂಬ ಅದರಿ, ಅಡಗಿಮನಿ ಕಡೀದು," ಎಂದರು. "ನೆಲುವು ಇದರ ಮಗ್ಗಲದಾಗೇ ಇದ್ದಿರಬೇಕು."