ಶಿರೋಮಾತ್ರ ಪ್ರತಿಮೆ: ರಾಪಾ ನೂಯಿಯ ಶಿಲ್ಪವೂ ಹವ್ಯಾಸಿಗಳ ಅನುಕರಣವೂ

ನಟನು ರಾಮನನ್ನು ಅನುಕರಿಸುತ್ತಾನೆಂಬ ಶ್ರೀಶಂಕುಕನ ಮತವನ್ನು ಭಟ್ಟತೌತನು ಖಂಡಿಸಿದ ಬಗೆಯು ಅಭಿನವಗುಪ್ತನ ವ್ಯಾಖ್ಯಾನದಿಂದ ತಿಳಿದುಬರುತ್ತದೆ. ಅನುಕರಣವೆಂಬುದು ಸಿದ್ಧಿಸಬೇಕಾದರೆ ಅನುಕಾರ್ಯವು ಮೊದಲು ಕಂಡಿರಬೇಕು. ರಾಮನನ್ನು ಕಂಡ ನಟನಾರು, ಕಂಡ ಪ್ರೇಕ್ಷಕನಾರು ಎಂಬುದು ಆ ಖಂಡನೆಯ ಒಂದು ಮುಖ್ಯಾಂಶ. ನಾಟ್ಯವನ್ನು ಕುರಿತು ಹುಟ್ಟಿದ ಈ ವಾದವು ಶಿಲ್ಪದಲ್ಲಿ ಎಷ್ಟರ ಮಟ್ಟಿಗೆ ಸಲ್ಲುತ್ತದೆಂಬುದನ್ನು ಪರೀಕ್ಷಿಸುವುದಕ್ಕೆ ಈಗಿನ ಕಾಲದಲ್ಲಿ ಒಂದು ವಿಚಿತ್ರವಾದ ಉದಾಹರಣೆಯು ದೊರೆತಿದೆ. ಅಮೇರಿಕ, ಯೂರೋಪು, ಜಪಾನು ಮೊದಲಾದ ದೇಶಗಳಲ್ಲಿ, ಶಿಲ್ಪವನ್ನು ವೃತ್ತಿಯಾಗಿ ಕಲಿಯದ ಗೃಹಸ್ಥರು ಬಿಡುವಿನ ವೇಳೆಯಲ್ಲಿ ಶಾಂತಸಾಗರದ ದ್ವೀಪವಾಸಿಗಳ ಶಿಲಾಪ್ರತಿಮೆಗಳ ಮಾದರಿಯಲ್ಲಿ ದೊಡ್ಡ ದೊಡ್ಡ ತಲೆಗಳನ್ನು ಮಾಡಿ ತಮ್ಮ ತೋಟಗಳಲ್ಲಿ ನಿಲ್ಲಿಸುತ್ತಿದ್ದಾರೆ. ಸಿಮೆಂಟು, ಮರದ ದಿಮ್ಮಿ, ಸುಟ್ಟ ಮಣ್ಣು, ಕಾಗದದ ರದ್ದು, ಹಗುರವಾದ ಥರ್ಮೋಕೋಲು, ಪ್ಲಾಸ್ಟಿಕ್ಕಿನ ಎಳೆ, ಹೀಗೆ ಕೈಗೆ ಸಿಕ್ಕಿದುದೆಲ್ಲವೂ ಇವರಿಗೆ ಸಾಮಗ್ರಿ. ಇದು ಕೇವಲ ವಿನೋದ, ಇದಕ್ಕೆ ವಿಮರ್ಶೆಯೇಕೆ ಎನ್ನುವವರಿದ್ದಾರೆ. ವಿನೋದಕ್ಕಾಗಿ ಬರೆದ ಪದ್ಯವನ್ನೂ ವಿಮರ್ಶಕನು ಛಂದಸ್ಸು ನೋಡದೆ ಬಿಡುವುದಿಲ್ಲ. ಅಷ್ಟೇ ಇಲ್ಲಿಯ ಸಮಾಧಾನ.

ಮೊದಲು ಅನುಕಾರ್ಯದ ಸ್ವರೂಪವನ್ನು ನೋಡಬೇಕು. ರಾಪಾ ನೂಯಿ ಎಂಬ ದ್ವೀಪವು ಚಿಲಿ ದೇಶದ ಕರೆಯಿಂದ ಸುಮಾರು 3,500 ಕಿಲೋಮೀಟರು ದೂರದಲ್ಲಿ, ನಡುಸಾಗರದಲ್ಲಿದೆ. ಡಚ್ ನಾವಿಕನಾದ ರೊಗೆವೇನನು 1722ನೆಯ ಇಸವಿಯ ಈಸ್ಟರ್ ಹಬ್ಬದ ದಿನ ಅದನ್ನು ಕಂಡುದರಿಂದ ಈಸ್ಟರ್ ದ್ವೀಪವೆಂಬ ಹೆಸರು ಬಂದಿತು. 1888ರಿಂದ ಅದು ಚಿಲಿಗೆ ಸೇರಿದೆ. ಅಲ್ಲಿಯ ಪ್ರತಿಮೆಗಳಿಗೆ ಮೊವಾಯಿ ಎಂದು ಹೆಸರು. ಅವುಗಳ ಸಂಖ್ಯೆ ಒಂಬೈನೂರನ್ನು ಮೀರುತ್ತದೆ. ಬಹುಪಾಲು ರಾನೋ ರಾರಾಕು ಎಂಬ ಆರಿದ ಜ್ವಾಲಾಮುಖಿಯ ಮೈಯಿಂದ ತೆಗೆದವು. ಅಲ್ಲಿಯ ಕಲ್ಲು ಬೂದಿಯು ಗಟ್ಟಿಯಾಗಿ ಹುಟ್ಟಿದ ಮೆದುಕಲ್ಲು. ತೋಕಿ ಎಂಬ ಕರಿಗಲ್ಲಿನ ಉಳಿಯಿಂದ ಪ್ರತಿಮೆಯನ್ನು ಅಂಗಾತವಾಗಿಯೇ ಬಂಡೆಯಲ್ಲಿ ಕಡೆದು, ಮುಖ ಕೈ ಹೊಟ್ಟೆಗಳನ್ನು ತಿದ್ದಿ, ಬೆನ್ನಿನ ಕೆಳಗೆ ದೋಣಿಯ ಅಡಿಮರದಂತೆ ಉಳಿಸಿದ ಏಣನ್ನು ಕಟ್ಟಕಡೆಗೆ ಒಡೆದು ಬಿಡಿಸುತ್ತಿದ್ದರು. ಬಳಿಕ ಅದನ್ನು ಆಹು ಎಂಬ ಕಲ್ಲುಜಗುಲಿಗೆ ಒಯ್ದು, ಹೆಚ್ಚಾಗಿ ಸಮುದ್ರಕ್ಕೆ ಬೆನ್ನು ಮಾಡಿ, ಊರಿನ ಕಡೆಗೆ ಮುಖಮಾಡಿ ನಿಲ್ಲಿಸುತ್ತಿದ್ದರು. ಕೆಲವಕ್ಕೆ ಪೂನಾ ಪಾವು ಎಂಬಲ್ಲಿಯ ಕೆಂಗಲ್ಲಿನ ಶಿರೋಭೂಷಣವೂ ಉಂಟು. ಗತಿಸಿದ ಹಿರಿಯರು ತಮ್ಮ ಸಂತತಿಯನ್ನು ನೋಡುತ್ತ ನಿಂತಿರುವುದೇ ಇದರ ಅರ್ಥ.

ಪ್ರಮಾಣದ ವಿಷಯವನ್ನೂ ಹೇಳಬೇಕು. ಭಾರತೀಯ ಶಿಲ್ಪಶಾಸ್ತ್ರದ ನವತಾಲದಲ್ಲಿ ಮುಖವು ದೇಹದ ಒಂಬತ್ತನೆಯ ಒಂದು ಪಾಲು. ಮೊವಾಯಿಯ ತಲೆಯಾದರೋ ಒಟ್ಟು ಎತ್ತರದ ಎಂಟರಲ್ಲಿ ಸುಮಾರು ಮೂರು ಪಾಲು. ಇದು ಅಜ್ಞಾನದ ಫಲವಲ್ಲ. ತಲೆಯೇ ತೇಜಸ್ಸಿನ ನೆಲೆಯೆಂಬ ನಂಬಿಕೆಯು ಆ ಸಾಗರದ ದ್ವೀಪಗಳಲ್ಲೆಲ್ಲ ಹರಡಿದೆ. ಆದರೂ ತಲೆ ದೊಡ್ಡದೆಂದರೆ ದೇಹವಿಲ್ಲವೆಂದು ಅರ್ಥವಲ್ಲ. ಕೆಳಗೆ ಮುಂಡವುಂಟು, ಮೈಗೆ ಒತ್ತಿದ ತೋಳುಗಳುಂಟು, ಹೊಟ್ಟೆಯ ಕೆಳಭಾಗದಲ್ಲಿ ಒಂದಕ್ಕೊಂದು ಸಮೀಪಿಸುವ ನೀಳವಾದ ಬೆರಳುಗಳುಂಟು. ಆ ಬೆರಳುಗಳ ಮೃದುತ್ವವನ್ನು ಕಂಡವರು ಈ ಶಿಲ್ಪವನ್ನು ಒರಟೆಂದು ಹೇಳಲಾರರು.

ಹಾಗಾದರೆ ಲೋಕವು ತಲೆಯನ್ನು ಮಾತ್ರ ಹಿಡಿದುಕೊಂಡುದು ಹೇಗೆ? ಇದಕ್ಕೆ ಕಾರಣವು ಇತಿಹಾಸದಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದ ವೇಳೆಗೆ ಆಹುಗಳ ಮೇಲಿದ್ದ ಮೊವಾಯಿಗಳೆಲ್ಲವೂ ಉರುಳಿಬಿದ್ದಿದ್ದುವು, ಹೆಚ್ಚಿನವು ಬೋರಲಾಗಿ. ನಿಂತುಕೊಂಡೇ ಉಳಿದವು ರಾನೋ ರಾರಾಕುವಿನ ಇಳಿಜಾರಿನವು ಮಾತ್ರ. ಮೇಲಿಂದ ಜಾರಿಬಂದ ಮಣ್ಣುಕಲ್ಲುಗಳಿಂದ ಅವು ಹೆಗಲವರೆಗೆ, ಕೆಲವು ಗದ್ದದವರೆಗೆ, ಹೂತುಹೋಗಿದ್ದುವು. ಛಾಯಾಚಿತ್ರಗ್ರಾಹಕನಿಗೆ ದೊರೆತುದು ಈ ನೋಟ. 1914ರಿಂದ 1915ರವರೆಗೆ ಕ್ಯಾಥರೀನ್ ರೂಟ್ಲೆಜ್ ಎಂಬ ವಿದುಷಿಯು ಅಲ್ಲಿ ಅಗೆಸಿ ದೇಹಗಳನ್ನು ಕಂಡು ಗ್ರಂಥದಲ್ಲಿ ಪ್ರಕಟಿಸಿದರೂ ಜನರ ಮನಸ್ಸಿನಲ್ಲಿ ನಾಟಿದ್ದ ತಲೆಯು ಅಲುಗಲಿಲ್ಲ. ಈ ಶತಮಾನದಲ್ಲಿ ಮತ್ತೆ ಅಗೆದು ಚಿತ್ರಗಳನ್ನು ಪ್ರಕಟಿಸಿದಾಗ, ಮೊವಾಯಿಗಳಿಗೆ ಮೈಯುಂಟೆಂದು ಲೋಕವು ಹೊಸದಾಗಿ ಬೆರಗಾಯಿತು! ಗಣಿಯ ಆ ಪ್ರತಿಮೆಗಳು ಸಾಗಣೆಗೆ ಕಾದಿದ್ದುವೋ, ಅಲ್ಲಿಯೇ ಇರಲೆಂದು ನಿಲ್ಲಿಸಿದುವೋ ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವುಂಟು. ಅವು ಆಹುವನ್ನು ಏರಿದವಲ್ಲ ಎಂಬುದರಲ್ಲಿ ಇಲ್ಲ.

ಇಲ್ಲಿ ಮುಖ್ಯವಾದ ಒಂದಂಶವಿದೆ. ಆಹುವನ್ನು ಏರಿದ ಮೇಲೆಯೇ ಮೊವಾಯಿಗೆ ಕಣ್ಣುಗುಳಿಗಳನ್ನು ಕಡೆಯುತ್ತಿದ್ದರು. ಗಣಿಯಲ್ಲಿರುವವಕ್ಕೆ ಹುಬ್ಬಿನ ನೆರಳುಂಟು, ಕಣ್ಣಿಲ್ಲ. 1978ರಲ್ಲಿ ಅನಕೇನಾ ಎಂಬ ಕಡಲತೀರದ ಆಹುವಿನ ಬಳಿ ಬಿಳಿಯ ಹವಳದಿಂದ ಮಾಡಿದ, ಕೆಂಗಲ್ಲಿನ ಕರುಳ್ಗಣ್ಣುಳ್ಳ ಒಂದು ನೇತ್ರದ ತುಂಡುಗಳು ದೊರೆತುವು. ಬರಿಯ ಕುಳಿಗಳೆಂದು ತಿಳಿದಿದ್ದವು ನೇತ್ರಸ್ಥಾನಗಳೆಂಬುದು ಆಗ ನಿಶ್ಚಯವಾಯಿತು. ದ್ವೀಪವಾಸಿಗಳು ಮೊವಾಯಿಯನ್ನು ‘ಆರಿಂಗಾ ಓರಾ’, ಎಂದರೆ ಜೀವಂತ ಮುಖ, ಎಂದು ಕರೆಯುತ್ತಾರೆ. ಆ ಜೀವವು ಕಣ್ಣಿನಿಂದ ಬರತಕ್ಕದ್ದು. ಭಾರತದಲ್ಲಿ ಪ್ರತಿಷ್ಠಾಕಾಲದಲ್ಲಿ ನಡೆಯುವ ನೇತ್ರೋನ್ಮೀಲನವನ್ನು ಬಲ್ಲವರಿಗೆ ಇದು ಸುಲಭವಾಗಿ ಮನದಟ್ಟಾಗುತ್ತದೆ. ಎರಡಕ್ಕೂ ಚಾರಿತ್ರಿಕ ಸಂಬಂಧವಿದೆಯೆಂದು ಹೇಳುವುದು ಸಾಹಸವಾದೀತು; ಹೋಲಿಕೆಯು ಅರ್ಥವನ್ನು ಬೆಳಗುವುದಷ್ಟಕ್ಕೆ ಸಾಕು.

ಆದುದರಿಂದ ಹವ್ಯಾಸಿಯ ತೋಟದಲ್ಲಿ ನಿಂತಿರುವುದು ಮೊವಾಯಿಯ ಅನುಕರಣವಲ್ಲ. ಅರ್ಧ ಹೂತುಹೋದ, ಕಣ್ಣು ತೆರೆಯದ ಪ್ರತಿಮೆಯ ಛಾಯಾಚಿತ್ರದ ಅನುಕರಣ. ಭಟ್ಟತೌತನ ಪ್ರಶ್ನೆಯು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಅನುಕಾರ್ಯವನ್ನು ಕಾಣದೆ ಅದರ ಒಂದು ಅವಸ್ಥೆಯನ್ನು ಕಂಡು, ಆ ಅವಸ್ಥೆಯನ್ನೇ ಸ್ವರೂಪವೆಂದು ಭ್ರಮಿಸಿದುದು ಇದರ ಮೂಲದೋಷ. ಗಂಭೀರ, ರಹಸ್ಯಮಯ, ಉದಾಸೀನ ಎಂದು ಮೆಚ್ಚಲಾಗುವ ಆ ಮುಖಭಾವವು ಬಹುಮಟ್ಟಿಗೆ ಕಣ್ಣಿಲ್ಲದುದರಿಂದ ಹುಟ್ಟಿದ್ದು. ಹವಳದ ಕಣ್ಣಿಟ್ಟ ಮೊವಾಯಿಯು ಉದಾಸೀನವಲ್ಲ, ದುರುದುರು ನೋಡುತ್ತದೆ.

ಇದಕ್ಕೆ ಮತ್ತೊಂದು ಗೊಂದಲವು ಸೇರಿಕೊಂಡಿತು. 1933ರಲ್ಲಿ ಹಾಲಿವುಡ್ಡಿನಲ್ಲಿ ‘ಡಾನ್ ದಿ ಬೀಚ್‌ಕೋಂಬರ್’ ಎಂಬ ಪಾನಗೃಹವು ತೆರೆಯಿತು. ಅದರ ಹಿಂದೆ ಹುಟ್ಟಿದ ಇಂತಹ ಅನೇಕ ಪಾನಗೃಹಗಳಲ್ಲಿ ಬಿದಿರು, ಬಲೆ, ದ್ವೀಪದೇವತೆಗಳ ಮೂರ್ತಿಗಳು ಅಲಂಕಾರವಾದುವು. ಹೆಯರ್ಡಾಲನ ‘ಕಾನ್-ಟಿಕಿ’ ತೆಪ್ಪದ 1947ರ ಯಾತ್ರೆಯೂ, ಹವಾಯಿಯು 1959ರಲ್ಲಿ ಅಮೇರಿಕದ ಒಂದು ಸಂಸ್ಥಾನವಾದುದೂ ಈ ರುಚಿಯನ್ನು ಬೆಳೆಸಿದುವು. ‘ಟಿಕಿ’ ಎಂಬುದು ಮಾರ್ಕೇಸಾಸ್ ದ್ವೀಪಗಳಲ್ಲಿ ದೈವವಾದ ಪೂರ್ವಜನ ಮೂರ್ತಿಗೆ ಸಲ್ಲುವ ಹೆಸರು. ಹೀವಾ ಓವಾ ದ್ವೀಪದ ಪುವಾಮಾವುವಿನಲ್ಲಿ ಆಳೆತ್ತರವನ್ನು ಮೀರಿದ ಅಂತಹ ಶಿಲಾಮೂರ್ತಿಗಳಿವೆ. ಅವಕ್ಕೆ ಅಗಲವಾದ ದುಂಡುಗಣ್ಣು, ಅಗಲವಾದ ಬಾಯಿ. ಮಾವೊರಿಗಳ ಹಸುರುಗಲ್ಲಿನ ಕಂಠಾಭರಣಕ್ಕೂ ಅದೇ ಹೆಸರು ಅಂಟಿದೆ. ಹವಾಯಿಯ ಮರದ ಮೂರ್ತಿಗಳನ್ನು ಅಲ್ಲಿಯವರು ‘ಕೀ’ ಎನ್ನುತ್ತಾರೆ. ಇವೆಲ್ಲವನ್ನೂ ಮೊವಾಯಿಯನ್ನೂ ಪಾನಗೃಹವು ಒಂದೇ ‘ಟಿಕಿ’ ಎಂಬ ಮಾತಿನಿಂದ ಕರೆದು ಒಂದೇ ಕಪಾಟಿನಲ್ಲಿಟ್ಟಿತು. ಹೊಯ್ಸಳ, ಪಲ್ಲವ, ಗಾಂಧಾರ ಶಿಲ್ಪಗಳನ್ನು ಒಟ್ಟುಗೂಡಿಸಿ ಒಂದು ಹೆಸರಿಟ್ಟರೆ ಎಷ್ಟು ಸರಿಯೋ ಇದೂ ಅಷ್ಟೇ ಸರಿ.

ಈಗ ಸಾಮಗ್ರಿಗಳ ವಿಚಾರ. ಕಲ್ಲನ್ನು ಬಿಟ್ಟು ಬೇರೆ ದ್ರವ್ಯದಲ್ಲಿ ಮಾಡಿದುದೇ ಅಪರಾಧವೆಂಬ ಆಕ್ಷೇಪವು ನಿಲ್ಲುವಂತಹುದಲ್ಲ. ರಾಪಾ ನೂಯಿಯ ಶಿಲ್ಪಿಗಳೇ ತಮಗೆ ದೊರೆತವುಗಳಲ್ಲಿ ಮೆದುವಾದ ಕಲ್ಲನ್ನು ಆರಿಸಿಕೊಂಡರು, ಮರದಲ್ಲಿಯೂ ಕೆತ್ತಿದರು. ಪಕ್ಕೆಲುಬು ಎದ್ದು ಕಾಣುವ ‘ಮೊವಾಯಿ ಕವಕವ’ ಎಂಬ ಕೃಶಮೂರ್ತಿಗಳು ಆ ಜನರ ದಾರುಶಿಲ್ಪದ ಪರಾಕಾಷ್ಠೆ. ಪ್ರಶ್ನೆಯಿರುವುದು ದ್ರವ್ಯದ ಜಾತಿಯಲ್ಲಲ್ಲ, ಮಾಡುವವನು ದ್ರವ್ಯದ ಮಾತನ್ನು ಕೇಳುತ್ತಾನೆಯೇ ಎಂಬುದರಲ್ಲಿ.

ಹವ್ಯಾಸಿಗಳಿಗೆ ಬಹು ಪ್ರಿಯವಾದುದು ‘ಹೈಪರ್‌ಟೂಫಾ’ ಎಂಬ ಮಿಶ್ರಣ. ಸಿಮೆಂಟಿಗೆ ಪೀಟ್ ಪಾಚಿಯ ಪುಡಿಯನ್ನೂ ಪರ್ಲೈಟ್ ಎಂಬ ಹಗುರವಾದ ಕಾಳನ್ನೂ ಬೆರೆಸಿ ಅಚ್ಚಿಗೆ ತುಂಬುತ್ತಾರೆ. ಒಂದು ದಿನ ಕಳೆದರೆ ಅದು ನಿಲ್ಲುವಷ್ಟು ಗಟ್ಟಿ, ಕೆರೆಯುವಷ್ಟು ಮೆದು. ಆ ಅಲ್ಪಕಾಲದಲ್ಲಿಯೇ ಚಾಕು, ಹಳೆಯ ಚಮಚ, ಅರಗಳಿಂದ ಮೂಗು ತುಟಿಗಳನ್ನು ತೆಗೆಯಬೇಕು. ಬಳಿಕ ವಾರಗಟ್ಟಲೆ ಆರಬೇಕು. ಪಾಚಿಯು ಕಾಲಕ್ರಮದಲ್ಲಿ ಕೊಳೆತು ಸಣ್ಣ ರಂಧ್ರಗಳಾಗಿ, ಮೈಯು ಹಳೆಯ ಕಲ್ಲಿನಂತೆ ಕಾಣುತ್ತದೆ. ಈ ಮಿಶ್ರಣವು ಅಣಕಿಸಲು ಹೊರಟುದು ಸುಣ್ಣದ ಅಂಶದ ಟೂಫಾ ಎಂಬ ಕಲ್ಲನ್ನು. ರಾನೋ ರಾರಾಕುವಿನದು ಬೆಂಕಿಯಿಂದ ಹುಟ್ಟಿದ ಟಫ್ ಎಂಬ ಬೇರೆಯದೇ ಶಿಲೆ. ಹೆಸರಿನ ಸಾಮ್ಯದಿಂದ ಮೋಸಹೋಗಬಾರದು. ಆದರೂ ಇದರಲ್ಲಿ ಒಂದು ಗುಣವಿದೆ. ಕೆಲಸಗಾರನಿಗೆ ಕಾಲದ ಕಟ್ಟಳೆಯಿದೆ, ದ್ರವ್ಯದ ವಿರೋಧವಿದೆ. ಸೂಕ್ಷ್ಮವಾದ ರೇಖೆಯನ್ನು ಅದು ಹಿಡಿಯುವುದಿಲ್ಲವಾಗಿ, ವಿಶಾಲವಾದ ಸಮತಲಗಳನ್ನೂ ತೀಕ್ಷ್ಣವಾದ ಹುಬ್ಬಿನ ಅಂಚನ್ನೂ ನೆಚ್ಚಬೇಕಾಗುತ್ತದೆ. ಮೊವಾಯಿಯ ಸೌಂದರ್ಯವೂ ಅಲ್ಲಿಯೇ ಇದೆ. ಹವ್ಯಾಸಿಗಳ ಕೃತಿಗಳಲ್ಲಿ ಉತ್ತಮವಾದುವು ಈ ವರ್ಗದಲ್ಲಿ ದೊರೆಯುವುದು ಆಕಸ್ಮಿಕವಲ್ಲ.

ಥರ್ಮೋಕೋಲಿನದು ಇದಕ್ಕೆ ವಿರುದ್ಧ. ಕಾಸಿದ ತಂತಿಯಿಂದ ಬೆಣ್ಣೆಯಂತೆ ಕೊಯ್ದು, ಜಾಲರಿ ಸುತ್ತಿ, ಸಿಮೆಂಟನ್ನು ಬಳಿದರೆ ಆಳೆತ್ತರದ ತಲೆಯೂ ಬೇಗನೆ ಸಿದ್ಧ. ಒಳಗೆ ಏನೂ ವಿರೋಧಿಸಲಿಲ್ಲವಾಗಿ ಹೊರಗೆ ಏನೂ ನಿಶ್ಚಯವಾಗಲಿಲ್ಲ. ಗದ್ದವು ಉಬ್ಬುತ್ತದೆ, ಮೂಗು ಊದಿಕೊಳ್ಳುತ್ತದೆ. ಭಾರವೇ ಪ್ರಾಣವಾದ ಶಿಲ್ಪವನ್ನು ಇಬ್ಬರು ಎತ್ತಿಕೊಂಡು ಹೋಗಬಹುದಾದಾಗ ಔಚಿತ್ಯಭಂಗವು ನೋಟದಲ್ಲಿಯೂ ತೋರದೆ ಇರದು. ಫ್ಲಾರಿಡ, ಕ್ಯಾಲಿಫೋರ್ನಿಯಗಳಲ್ಲಿ ತಾಳೆಯ ಜಾತಿಯ ದಿಮ್ಮಿಯನ್ನು ಯಂತ್ರಗರಗಸದಿಂದ ಕೊಯ್ಯುವವರು ಟಿಕಿಯನ್ನು ಆರಿಸಿಕೊಳ್ಳುವುದು ವಿವೇಕ. ನಾರಿನ ಮರದಲ್ಲಿ ದುಂಡುಗಣ್ಣು, ದೊಡ್ಡ ಬಾಯಿ, ಆಳವಾದ ಗೆರೆಗಳು ಸಲ್ಲುತ್ತವೆ. ಗಚ್ಚಿನ ಅಚ್ಚಿಗೆ ಮಣ್ಣಿನ ರಸವನ್ನು ಹೊಯ್ದು ತೆಗೆದ ಪಾನಪಾತ್ರೆಗಳ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಹಿರಿಯರ ತಲೆಯ ನೆತ್ತಿಯನ್ನು ತೆಗೆದು ಮದ್ಯವನ್ನು ತುಂಬುವುದು ಯಾವ ರಸಕ್ಕೆ ಅಂಗವೆಂಬುದನ್ನು ಸಹೃದಯರೇ ನಿಶ್ಚಯಿಸಲಿ.

ಪ್ಲಾಸ್ಟಿಕ್ಕಿನ ಎಳೆಯನ್ನು ಪದರುಪದರಾಗಿ ಸುರಿದು ಆಕೃತಿಯನ್ನು ಎಬ್ಬಿಸುವ ಯಂತ್ರವು ಮಾತ್ರ ಒಂದು ಸೋಜಿಗವನ್ನು ಮಾಡಿದೆ. 1868ರಲ್ಲಿ ‘ಟೋಪೇಜ್’ ಎಂಬ ಇಂಗ್ಲಿಷ್ ಹಡಗಿನವರು ಒಯ್ದು, ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ‘ಹೋವಾ ಹಕನನಾಯ’ ಎಂಬ ಕರಿಗಲ್ಲಿನ ಮೊವಾಯಿಯನ್ನು ಛಾಯಾಚಿತ್ರಗಳ ಮೂಲಕ ಸುತ್ತಲೂ ಅಳೆದಿದ್ದಾರೆ. ಅದರ ಬೆನ್ನಿನ ಮೇಲೆ ಪಕ್ಷಿಮಾನವನ ಆಚರಣೆಗೆ ಸಂಬಂಧಿಸಿದ ಕೆತ್ತನೆಗಳಿವೆ. ಯಂತ್ರಕ್ಕೆ ಇಷ್ಟಾನಿಷ್ಟಗಳಿಲ್ಲವಾಗಿ, ಅಂತಹ ಅಳತೆಯಿಂದ ತೆಗೆದ ಪ್ರತಿಯಲ್ಲಿ ಹವ್ಯಾಸಿಯು ಎಂದೂ ಕೆತ್ತದ ಬೆನ್ನೂ ಸೊಂಟವೂ ಬರುತ್ತವೆ. ಕೈಯಿಲ್ಲದ ಪ್ರತಿಯು ಕೈಯಿಂದಾದ ಪ್ರತಿಗಿಂತ ಪೂರ್ಣವಾಗಿದೆಯೆಂಬುದು ಯಂತ್ರದ ಹೊಗಳಿಕೆಯಲ್ಲ, ಕೈಯ ಉದಾಸೀನತೆಗೆ ಸಾಕ್ಷಿ.

ಪರದೇಶದಲ್ಲಿ ಮೊವಾಯಿಯು ಸಾಧ್ಯವೇ ಇಲ್ಲವೆಂಬ ಕಟ್ಟಾವಾದಿಗಳಿಗೆ ಇಟಲಿಯ ವಿಟೋರ್ಕಿಯಾನೋ ಎಂಬ ಊರು ಉತ್ತರ ಕೊಡುತ್ತದೆ. 1990ರಲ್ಲಿ ರಾಪಾ ನೂಯಿಯ ಆಟಾನ್ ಮನೆತನದವರು ಅಲ್ಲಿಗೆ ಬಂದು ಆ ಸೀಮೆಯ ಪೆಪೆರೀನೋ ಎಂಬ ಜ್ವಾಲಾಮುಖಿಯ ಕಲ್ಲಿನಲ್ಲಿ ತಲೆಯಿಂದ ಸೊಂಟದವರೆಗೆ ಮೊವಾಯಿಯನ್ನು ಕಡೆದು ನಿಲ್ಲಿಸಿದರು. ಜಪಾನಿನ ನೀಜಿಮಾ ದ್ವೀಪದವರ ಮಾರ್ಗ ಬೇರೆ. ಅವರ ನೆಲದ ‘ಕೋಗಾ’ ಎಂಬ ಹಗುರವಾದ ಕಲ್ಲಿನಲ್ಲಿ ತಲೆಗಳನ್ನು ಕಡೆದು ‘ಮೋಯಾಯಿ’ ಎಂದು ಹೆಸರಿಟ್ಟಿದ್ದಾರೆ. ಆ ಮಾತಿಗೆ ಅವರ ನುಡಿಯಲ್ಲಿ ಒಬ್ಬರಿಗೊಬ್ಬರು ನೆರವಾಗುವುದೆಂದು ಅರ್ಥ. 1980ರಲ್ಲಿ ಟೋಕಿಯೋ ನಗರದ ಶಿಬುಯಾ ನಿಲ್ದಾಣದ ಬಳಿ ಅವರು ಇಂತಹುದೊಂದನ್ನು ಕಾಣಿಕೆಯಾಗಿ ನಿಲ್ಲಿಸಿದರು. ಇಲ್ಲಿ ಶ್ಲೇಷವು ಅಲಂಕಾರಮಾತ್ರವಾಗದೆ ವಸ್ತುವೇ ಆಗಿದೆ. ತಾವು ಮಾಡುತ್ತಿರುವುದು ಮೊವಾಯಿಯಲ್ಲವೆಂದು ಬಲ್ಲವರ ಕೃತಿಯಾದುದರಿಂದ ಇದು ಅನುಕರಣದೋಷಕ್ಕೆ ಸಿಕ್ಕುವುದಿಲ್ಲ.

ಇಷ್ಟು ನಿಷ್ಠುರವಾಗಿ ವಿಚಾರಿಸುವುದಕ್ಕೆ ಕಾರಣವುಂಟು. 1862-63ರಲ್ಲಿ ಪೆರು ದೇಶದ ಗುಲಾಮರ ವ್ಯಾಪಾರಿಗಳು ದ್ವೀಪದ ಜನರನ್ನು ಹಿಡಿದೊಯ್ದರು. ಹಿಂದಿರುಗಿದ ಕೆಲವರೊಡನೆ ಸಿಡುಬು ಬಂದಿತು. 1877ರಲ್ಲಿ ಉಳಿದವರು 111 ಮಂದಿ. ಹೆಸರುಗಳನ್ನೂ ವಿಧಿಗಳನ್ನೂ ಬಲ್ಲ ವೃದ್ಧರು ಬಹುಮಟ್ಟಿಗೆ ಹೋದರು. ಉಳಿದವರ ಸಂತತಿಯವರು ಹಡಗಿನವರಿಗೂ ಪ್ರವಾಸಿಗಳಿಗೂ ಚಿಕ್ಕ ಮೂರ್ತಿಗಳನ್ನು ಕೆತ್ತಿ ಮಾರಿ ಬದುಕಿದುದೂ ಸತ್ಯ, ಆ ಮಾರಾಟದಿಂದಲೇ ಕೈಯ ಕಸುಬು ಉಳಿಯಿತೆಂಬುದೂ ಸತ್ಯ. 2018ರಲ್ಲಿ ಅವರ ನಿಯೋಗವು ಲಂಡನ್ನಿಗೆ ಹೋಗಿ ಹೋವಾ ಹಕನನಾಯವನ್ನು ಮರಳಿ ಕೊಡಬೇಕೆಂದು ಕೇಳಿತು. ಒಂದು ಜನವು ತನ್ನ ಹಿರಿಯನೆಂದು ಕೇಳುತ್ತಿರುವುದನ್ನು ಮತ್ತೊಂದು ಜನವು ತೋಟದ ‘ರಹಸ್ಯಮಯ ತಲೆ’ ಎನ್ನುವಾಗ, ಕಣ್ಣಿನ ಮಾತು ಕೇವಲ ಶಿಲ್ಪಲಕ್ಷಣದ ಮಾತಾಗಿ ಉಳಿಯುವುದಿಲ್ಲ.

1960ರ ಮೇ ತಿಂಗಳಲ್ಲಿ ಚಿಲಿಯ ಭೂಕಂಪದಿಂದೆದ್ದ ಹೆದ್ದೆರೆಯು ರಾಪಾ ನೂಯಿಯ ತೊಂಗಾರಿಕಿ ಎಂಬಲ್ಲಿ ಬಿದ್ದಿದ್ದ ಹದಿನೈದು ಮೊವಾಯಿಗಳನ್ನು ಒಳನಾಡಿಗೆ ಚೆದರಿಸಿ, ಸಾಗರವನ್ನು ದಾಟಿ ಜಪಾನಿನ ಶಿಝುಗಾವಾ ಎಂಬ ಊರನ್ನೂ ಹೊಡೆಯಿತು. ತೊಂಗಾರಿಕಿಯ ಹದಿನೈದನ್ನೂ 1990ರ ದಶಕದಲ್ಲಿ ಜಪಾನಿನವರ ಯಂತ್ರದ ನೆರವಿನಿಂದ ಎತ್ತಿ ನಿಲ್ಲಿಸಲಾಯಿತು. ಸ್ನೇಹದ ಗುರುತಾಗಿ 1991ರಲ್ಲಿ ಚಿಲಿಯಿಂದ ಶಿಝುಗಾವಾಕ್ಕೆ ಒಂದು ಮೊವಾಯಿ ಬಂದಿತು. 2011ರ ಹೆದ್ದೆರೆಯು ಅದನ್ನು ಕೆಡವಿತು. ಕಳಚಿಬಿದ್ದ ತಲೆಯನ್ನು ಅಲ್ಲಿಯ ಪ್ರೌಢಶಾಲೆಯ ಆವರಣಕ್ಕೆ ತಂದು ಇಟ್ಟರು. 2013ರಲ್ಲಿ ರಾಪಾ ನೂಯಿಯವರು ತಮ್ಮ ದ್ವೀಪದ ಕಲ್ಲಿನಿಂದಲೇ ಮತ್ತೊಂದನ್ನು ಕಡೆದು ಕಳುಹಿಸಿದರು. ಈ ಹೊಸ ಪ್ರತಿಮೆಗೆ ಮೈಯಿದೆ, ಕೈಗಳಿವೆ, ಹವಳದ ಕಣ್ಣುಗಳನ್ನೂ ಇಟ್ಟಿದ್ದಾರೆ.