ಎಲ್ಲ ಹೊರೆಗೂ ಒಂದೇ ಟ್ರೈಲರ್

ಟ್ರ್ಯಾಕ್ಟರ್ ಕೊಳ್ಳುವ ಮುಂಚೆ ಊರೆಲ್ಲ ವಿಚಾರಿಸುವವರು, ಟ್ರೈಲರ್ ಮಾತು ಬಂದಾಗ ‘ಎಷ್ಟು ಟನ್ನಿಂದು?’ ಎಂದಷ್ಟೇ ಕೇಳಿ ಮುಂಗಡ ಕೊಟ್ಟುಬಿಡುತ್ತಾರೆ. ಕಬ್ಬೊಂದನ್ನೇ ಹೇರುವವರಿಗೆ ಅಷ್ಟು ಸಾಕು. ತಿಪ್ಪೆಗೊಬ್ಬರ, ಕೆರೆಗೋಡು, ರಾಗಿಹುಲ್ಲು, ತೆಂಗಿನಕಾಯಿ, ಮನೆ ಕಟ್ಟುವಾಗ ಎಂ-ಸ್ಯಾಂಡು ಎಲ್ಲವನ್ನೂ ಒಂದರಲ್ಲೇ ಸಾಗಿಸುವ ತುಮಕೂರು, ಹಾಸನದ ಕಡೆಯ ರೈತರಿಗೆ ಸಾಲದು.

ಅಂಥವರಿಗೆ ನಾನು ಹೇಳುವುದು ಎರಡು ಚಕ್ರದ ಹೈಡ್ರಾಲಿಕ್ ಟ್ರೈಲರ್. ನಾಲ್ಕು ಚಕ್ರದ್ದು ಹೊರೆಯನ್ನೆಲ್ಲ ತಾನೇ ಹೊತ್ತು ಡಾಂಬರು ರಸ್ತೆಯಲ್ಲಿ ಹಾಯಾಗಿ ಓಡುತ್ತದೆ, ನಿಜ. ಆದರೆ ತೋಟದ ಓಣಿಯಲ್ಲಿ ಅದನ್ನು ರಿವರ್ಸ್ ತೆಗೆಯುವುದು ಪಳಗಿದವರಿಗೂ ಕಷ್ಟ. ಎರಡು ಚಕ್ರದ್ದು ಭಾರದ ಒಂದು ಪಾಲನ್ನು ಟ್ರ್ಯಾಕ್ಟರಿನ ಹಿಂಬದಿಗೆ ದಾಟಿಸುತ್ತದೆ. ಕೆಸರಿನಲ್ಲಿ ದೊಡ್ಡ ಚಕ್ರಗಳಿಗೆ ಹಿಡಿತ ಸಿಗುವುದು ಅದರಿಂದಲೇ.

ಆ ಪಾಲು ಎಷ್ಟೆಂದು ತೀರ್ಮಾನಿಸುವುದು ಅಚ್ಚು ಕೂತ ಜಾಗ. ಶೆಡ್ಡಿಗೆ ಹೋದಾಗ ಬಣ್ಣ ನೋಡಬೇಡಿ, ಬಗ್ಗಿ ಅಡಿ ನೋಡಿ. ಅಚ್ಚು ತೊಟ್ಟಿಯ ನಟ್ಟನಡುವಿಗಿಂತ ಸ್ವಲ್ಪ ಹಿಂದಿರಬೇಕು. ಖಾಲಿ ಟ್ರೈಲರಿನ ಮೂಕಿ ಒಂದೇ ಕೈಗೆ ಎದ್ದು ಬಂದರೆ ಅಚ್ಚು ತೀರ ಮುಂದಿದೆ ಎಂದರ್ಥ. ಹಿಂದುಗಡೆ ಭಾರ ಹೆಚ್ಚಾದರೆ ಅದು ಟ್ರ್ಯಾಕ್ಟರನ್ನೇ ಮೇಲಕ್ಕೆ ಮೀಟುತ್ತದೆ, ಚಕ್ರ ಸುಮ್ಮನೆ ಸುತ್ತುತ್ತದೆ. ಅಚ್ಚು ಅತಿಯಾಗಿ ಹಿಂದೆ ಹೋದರೆ ಇನ್ನೂ ಅಪಾಯ: ಏರಿನಲ್ಲಿ ಟ್ರ್ಯಾಕ್ಟರಿನ ಮೂತಿ ಎದ್ದು ಸ್ಟೇರಿಂಗ್ ಕೈಗೆ ಸಿಗುವುದಿಲ್ಲ. ಮೂಕಿ ಚಾಸಿಗೆ ಸೇರುವಲ್ಲಿ ವೆಲ್ಡಿಂಗ್ ಮೇಲೆ ಬೆರಳಾಡಿಸಿ. ಮೊದಲು ಬಿರುಕು ಬಿಡುವುದು ಅಲ್ಲೇ.

ಇನ್ನು ತೊಟ್ಟಿ. 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರವೆಂದರೆ 120 ಘನ ಅಡಿ. ಒಣಮರಳನ್ನು ಮಟ್ಟಸ ತುಂಬಿದರೂ 5 ಟನ್ ದಾಟುತ್ತದೆ; 3 ಟನ್ನಿನ ಟ್ರೈಲರಿಗೆ ಒಂದಡಿಯೇ ಹೆಚ್ಚುಕಡಿಮೆ ಮಿತಿ. ಒಳಗೋಡೆಗೆ ಒಂದಡಿ ಎತ್ತರದಲ್ಲಿ ಬಿಳಿ ಗೆರೆ ಎಳೆಸಿಬಿಡಿ, ತುಂಬುವ ಆಳುಗಳಿಗೂ ಗೊತ್ತಾಗುತ್ತದೆ. ರಾಗಿಹುಲ್ಲಿಗಾದರೋ ಆ ಎರಡಡಿ ಯಾವ ಮೂಲೆಗೂ ಸಾಲದು. ಹಾಗಾಗಿ ನಾನು ಹಟ ಹಿಡಿಯುವುದು ಮೂರೂ ಕಡೆ ಬಿಚ್ಚುವ ಡೋರು, ಗೂಟ ನೆಡಲು ನಾಲ್ಕು ಮೂಲೆಗೆ ಪೈಪು, ಅಂಚಿನುದ್ದಕ್ಕೂ ಹಗ್ಗದ ಕೊಕ್ಕೆ, ಇವಕ್ಕೇ. ಇವಿದ್ದರೆ ಬೆಳಿಗ್ಗೆ ಗೊಬ್ಬರ ಸುರಿದ ಟ್ರೈಲರನ್ನೇ ಸಂಜೆ ತೊಳೆದು ಹುಲ್ಲಿಗೆ ಕಟ್ಟಬಹುದು.

ಹೈಡ್ರಾಲಿಕ್ ಇದೆಯೆಂದು ಇಳಿಜಾರಿನಲ್ಲಿ ಎತ್ತಬಾರದು. ಹಸಿ ಗೋಡು ಜಾರದೆ ಮೇಲೆಯೇ ಅಂಟಿ ಕೂತು, ತೊಟ್ಟಿ ಪಕ್ಕಕ್ಕೆ ಮಗುಚುತ್ತದೆ.

ಟ್ರೈಲರಿಗೂ ಪ್ರತ್ಯೇಕ ನೋಂದಣಿ ಬೇಕು, ಕಾಗದಪತ್ರ ಕೇಳಿ ಪಡೆಯಿರಿ. ಹಿಂದಿನ ದೀಪದ ವೈರು ನೇರ ಬೆಸೆದಿದ್ದರೆ ಒಪ್ಪಬೇಡಿ. ಟ್ರೈಲರ್ ಕಳಚುವಾಗ ಮರೆತು ಎಳೆದರೆ ಹರಿಯುತ್ತದೆ, ಆಮೇಲೆ ಯಾರೂ ಕೂಡಿಸುವುದಿಲ್ಲ. ಕಳಚಿ ಹಾಕುವ ಪ್ಲಗ್ಗನ್ನೇ ಹಾಕಿಸಿ, ಡೋರಿನ ಹಿಂಬದಿಗೆ ಕೆಂಪು ರಿಫ್ಲೆಕ್ಟರ್ ಪಟ್ಟಿಯನ್ನೂ ಅಂಟಿಸಿಯೇ ಶೆಡ್ಡಿನಿಂದ ಹೊರಡಿ.