ಬಳುವಳಿಯ ಕೋಟೆ: ‘ರಾಕ್ಷಸ ತಂಗಡಿ’ಯನ್ನು ಗಡಿನಾಡಿನಿಂದ ಓದಿದಾಗ

ದಿವಂಗತ ಗಿರೀಶ ಕಾರ್ನಾಡರ ‘ರಾಕ್ಷಸ ತಂಗಡಿ’ (2018) ತಾಳಿಕೋಟೆಯ ಯುದ್ಧವನ್ನು ವಸ್ತುವಾಗಿ ಉಳ್ಳ ನಾಟಕ. 1565ರ ಜನವರಿ 23ರ ಆ ಕಾಳಗವು ಎರಡು ಧರ್ಮಗಳ ಹೋರಾಟವೆಂಬ ಮಾತು ಶಾಲೆಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಕಾರ್ನಾಡರು ಆ ಹಾದಿಯನ್ನು ಹಿಡಿಯಲಿಲ್ಲ. ರಾಮರಾಯನ ಮನೆಗೆ ಮಗನಂತೆ ಬಂದ ಅಲಿ ಆದಿಲಶಾಹನೇ ಕಡೆಗೆ ಅವನ ವೈರಿಗಳ ಸಾಲಿನಲ್ಲಿ ನಿಲ್ಲುವ ದುರಂತ ಅವರನ್ನು ಸೆಳೆಯಿತು. ನಾಟಕದ ಹಿರಿಮೆ ಇಲ್ಲಿದೆಯೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ನಮ್ಮ ಆಕ್ಷೇಪ ಬೇರೆ. ನಾಟಕದ ಭಾರವು ರಾಮರಾಯನ ಮೇಲೆ, ಚಾಲುಕ್ಯರ ಕಲ್ಯಾಣದ ಬಗೆಗೆ ಅವನಿಗಿದ್ದ ಮೋಹದ ಮೇಲೆ ಬಿದ್ದಿದೆ. ರಂಗಕ್ಕೆ ಒಬ್ಬ ನಾಯಕ ಬೇಕು, ನಿಜ. ಆದರೆ ಓದಿ ಮುಗಿಸಿದವನಿಗೆ, ಒಬ್ಬ ಮುದುಕನ ಹಮ್ಮು ಇಳಿದಿದ್ದರೆ ಯುದ್ಧವೇ ಆಗುತ್ತಿರಲಿಲ್ಲವೇನೋ ಎನ್ನಿಸುವುದು. ಬೋರಿ ಹೊಳೆಯ ದಂಡೆಯ ಕುರನೂರಿನಲ್ಲಿ ಕುಳಿತು ಓದುವ ನಮಗೆ ಹಾಗೆ ಎನ್ನಿಸದು. ನಮ್ಮ ಸೊಲ್ಲಾಪುರದ ಕೋಟೆಯ ಜಗಳ ತಂಗಡಿಗಿಂತ ನಾಲ್ವತ್ತು ವರುಷ ಹಳೆಯದು.

1524ರಲ್ಲಿ ವಿಜಾಪುರದ ಇಸ್ಮಾಯಿಲ ಆದಿಲಶಾಹನ ತಂಗಿ ಮರಿಯಮಳನ್ನು ಅಹಮದನಗರದ ಬುರ್ಹಾನ ನಿಜಾಮಶಾಹನಿಗೆ ಕೊಟ್ಟು ಮದುವೆಯಾಯಿತು. ಮದುವೆ ನಡೆದದ್ದೂ ಸೊಲ್ಲಾಪುರದಲ್ಲಿಯೇ. ಬಳುವಳಿಯಾಗಿ ಈ ಕೋಟೆ ತನಗೆ ಸಲ್ಲಬೇಕೆಂದು ಅಳಿಯ ಹೇಳಿದ, ಬೀಗರು ಕೊಡಲಿಲ್ಲ. ಮರುವರುಷವೇ ದಂಡು ಬಂದಿತು. 1552ರ ಸುಮಾರಿಗೆ ರಾಮರಾಯನ ನೆರವಿನಿಂದಲೇ ಬುರ್ಹಾನನು ಕೋಟೆಯನ್ನು ಗೆದ್ದ. ಕೆಲವೇ ವರುಷಗಳಲ್ಲಿ ಅದೇ ರಾಮರಾಯ ವಿಜಾಪುರದ ಪಕ್ಷ ಹಿಡಿದು ಅಹಮದನಗರದ ಮೇಲೆ ಏರಿಹೋದ. ಇಲ್ಲಿ ಧರ್ಮವೆಲ್ಲಿ? ಮೂವರು ಬಲಿಷ್ಠರು, ಇಬ್ಬರು ಕೂಡಿದರೆ ಮೂರನೆಯವನಿಗೆ ನಿದ್ದೆಯಿಲ್ಲ.

ಇಂಥ ಕಥೆ ದಖ್ಖನಕ್ಕೆ ಮಾತ್ರ ಸೇರಿದ್ದಲ್ಲ. ಆಗ್ನೇಯ ಏಷ್ಯದಲ್ಲಿ ಸಯಾಮಿನ ಕಾಟ ತಡೆಯಲು ಖ್ಮೇರ್ ಅರಸ ಚೇ ಚೇಟ್ಟಾ 1620ರ ಸುಮಾರಿಗೆ ವಿಯೆಟ್ನಾಮಿನ ಙುಯೆನ್ ಮನೆತನದ ಕನ್ಯೆಯನ್ನು ವರಿಸಿದ. ಬೀಗತನದ ಬೆನ್ನಿಗೆ, 1623ರಲ್ಲಿ, ವಿಯೆಟ್ನಾಮಿಗರ ಸುಂಕದ ಕಟ್ಟೆ ಖ್ಮೇರರ ಪ್ರೇ ನಗರಕ್ಕೆ ಬಂದಿತು. ಆ ಊರೇ ಮುಂದೆ ಸೈಗಾನ್ ಆಗಿ ವಿಯೆಟ್ನಾಮಿಗೆ ಉಳಿಯಿತು. 1831ರಿಂದ 1845ರ ವರೆಗೆ ಸಯಾಮ್ ಮತ್ತು ವಿಯೆಟ್ನಾಮ್ ಮತ್ತೆ ಮತ್ತೆ ಕಾದಾಡಿದ್ದು ಖ್ಮೇರರ ಗದ್ದೆಗಳಲ್ಲಿ. 1848ರಲ್ಲಿ ಆಂಗ್ ದುವಾಂಗನಿಗೆ ಪಟ್ಟವಾದಾಗ ಎರಡೂ ಕಡೆಯ ಒಪ್ಪಿಗೆ ಬೇಕಾಯಿತು. ನಡುವಿನ ನೆಲದವರ ಪಾಡು ನಮಗೆ ಹೊಸದಾಗಿ ಕಾಣುವುದಿಲ್ಲ.

ಈ ಪಾಡು ನಾಟಕದಲ್ಲಿ ಮುನ್ನೆಲೆಗೆ ಬರುವುದಿಲ್ಲ. ಕೋಟೆಗಳು ಅಲ್ಲಿ ಅರಸರ ಮಾತಿನಲ್ಲಿ ಪಗಡೆಯ ಕಾಯಿಗಳಾಗಿ ಸುಳಿಯುತ್ತವೆ. ಕೋಟೆಯ ಸುತ್ತ ಜೋಳ ಬಿತ್ತಿದವನು ಬದಿಗೇ ಉಳಿಯುತ್ತಾನೆ.

ಚಾಂದಬೀಬಿಯ ಹೆಸರನ್ನು ನಮ್ಮ ಮಕ್ಕಳು ಬಲ್ಲರು. 1595–96ರಲ್ಲಿ ಮೊಗಲರೆದುರು ಅಹಮದನಗರವನ್ನು ಕಾಯ್ದ ವೀರಳೆಂದು ಪಾಠ ಒಪ್ಪಿಸುವರು. ಅವಳು ಆ ಊರಿನ ಮಗಳು, ವಿಜಾಪುರದ ಸೊಸೆ. 1564ರಲ್ಲಿ ಅಲಿ ಆದಿಲಶಾಹನ ಕೈಹಿಡಿದಾಗ ಅವಳು ತಂದ ಬಳುವಳಿ ಇದೇ ಸೊಲ್ಲಾಪುರದ ಕೋಟೆ. ಹಳೆಯ ಜಗಳ ಹೀಗೆ ಹರಿದ ಮೇಲೆಯೇ ಸುಲ್ತಾನರು ಒಂದಾಗಿ ಕೃಷ್ಣೆಯ ಕಡೆಗೆ ಹೊರಟರು.